ತುರುಗೋಳ್, ಹಗೇವು, ಜೋಳವಾಳಿ: ಒಂದು ಗಣಕದಾಟದ ನೆಲೆಯಿಂದ

ಕರ್ನಾಟಕದ ಹೊರಗಿದ್ದು ಹಳಗನ್ನಡ ಶಾಸನಗಳನ್ನು ಅಭ್ಯಾಸ ಮಾಡುವವರಿಗೆ ಮೊದಮೊದಲು ಎದುರಾಗುವ ಪಾರಿಭಾಷಿಕ ಪದಗಳಲ್ಲಿ ‘ತುರುಗೋಳ್’ ಒಂದು. ತುರು ಎಂದರೆ ದನ, ಕೋಳ್ ಎಂದರೆ ಹಿಡಿಯುವುದು, ಸೂರೆ. ನಿಘಂಟು ಇಷ್ಟು ಹೇಳಿ ಸುಮ್ಮನಾಗುತ್ತದೆ. ಆದರೆ ನನ್ನ ತರಗತಿಗಳಲ್ಲಿ ಕನ್ನಡೇತರ ವಿದ್ಯಾರ್ಥಿಗಳು ಕೇಳುತ್ತ ಬಂದಿರುವ ಪ್ರಶ್ನೆ ಬೇರೆ: ಇದು ಕಳವೇ, ಯುದ್ಧವೇ? ಕಳವಾದರೆ ಅದನ್ನು ತಡೆದು ಸತ್ತವನಿಗೆ ಕಲ್ಲು ನಿಲ್ಲಿಸಿ, ಅವನ ಮನೆಯವರಿಗೆ ಭೂಮಿ ಕೊಡುವ ಮಟ್ಟದ ಗೌರವವೇಕೆ? ಯುದ್ಧವಾದರೆ ಅರಸರ ಹೆಸರಿಗಿಂತ ದನಗಳ ಹೆಸರು ಮುಂದೆ ಬರುವುದೇಕೆ? ಬಹುಕಾಲ ನಾನು ಈ ಪ್ರಶ್ನೆಗೆ ಪುಸ್ತಕದ ಉತ್ತರವನ್ನೇ ಕೊಡುತ್ತಿದ್ದೆ. ಒಂದಿಷ್ಟು ನಂಬಿಕೆಯಿಂದ ಉತ್ತರಿಸಲು ಸಾಧ್ಯವಾದದ್ದು 2008ರ ಬೇಸಿಗೆಯ ನಂತರ. ಅದಕ್ಕೆ ಕಾರಣ, ಹೇಳಲು ತುಸು ಸಂಕೋಚವಾದರೂ, ನಾಗಪುರದ ಗಾಂಧಿಬಾಗಿನಲ್ಲಿ ನಾನು ಆಡಿದ ಒಂದು ಗಣಕದಾಟ.

ಗಾಂಧಿಬಾಗ್ ನಾಗಪುರದ ಹಳೆಯ ಭಾಗದಲ್ಲಿರುವ ಸಗಟು ಬಟ್ಟೆಯ ಪೇಟೆ. ಇಳಕಲ್ಲಿನ ಕಡೆಯಿಂದ ಬಂದು ಅಲ್ಲಿ ಸೀರೆಯ ವ್ಯಾಪಾರ ಮಾಡುವ ಮನೆಗೆ ನನ್ನ ತಂಗಿಯನ್ನು ಕೊಟ್ಟಿದೆ. ಕೆಲಸದ ನಿಮಿತ್ತ ಎರಡು ತಿಂಗಳು ಅವರಲ್ಲಿ ಉಳಿದಿದ್ದೆ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲಿನ ಮಹಡಿಯಲ್ಲಿ ಸೋದರಳಿಯನ ಗಣಕ. ನಾಗಪುರದ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಕೂಲರಿನ ಮುಂದೆ ಕೂರುವುದನ್ನು ಬಿಟ್ಟರೆ ಬೇರೆ ಕಾರ್ಯಕ್ರಮ ಸಾಧ್ಯವಿಲ್ಲ. ಹುಡುಗ ಅಲ್ಲಿ ಆಡುತ್ತಿದ್ದುದನ್ನು ನೋಡುತ್ತ ನೋಡುತ್ತ ನಾನೂ ಒಂದು ಹಳ್ಳಿಯ ಒಡೆಯನಾದೆ.

ಆಟದ ಹೆಸರು ಟ್ರಾವಿಯನ್. ಜರ್ಮನಿಯ ಗೆರ್ಹಾರ್ಡ್ ಮುಲ್ಲರ್ ಎಂಬವರು ರಚಿಸಿದ ಇದು 2004ರಲ್ಲಿ ಬಳಕೆಗೆ ಬಂದಿತು. ಇಂಟರ್ನೆಟ್ಟಿನ ಪುಟದಲ್ಲೇ ಆಡಬಹುದಾದ್ದರಿಂದ ಬೇರೆ ಸಲಕರಣೆ ಬೇಡ. ಒಂದೊಂದು ಸರ್ವರಿನಲ್ಲಿ ಸಾವಿರಾರು ಜನ, ದೇಶ ಭಾಷೆಗಳ ಪರಿಚಯವಿಲ್ಲದವರು, ಒಂದೇ ನಕ್ಷೆಯ ಮೇಲೆ ಹಳ್ಳಿಗಳನ್ನು ಕಟ್ಟುತ್ತಾರೆ. ನಾನು ಆಡಿದ ಕಾಲದಲ್ಲಿ ರೋಮನರು, ಗಾಲರು, ಟ್ಯೂಟನರು ಎಂಬ ಮೂರು ಕುಲಗಳಿದ್ದವು. ಪ್ರತಿ ಹಳ್ಳಿಗೂ ಹದಿನೆಂಟು ಉತ್ಪನ್ನ ನೆಲೆಗಳು: ಸಾಮಾನ್ಯವಾಗಿ ಮರಕ್ಕೆ ನಾಲ್ಕು, ಜೇಡಿಗೆ ನಾಲ್ಕು, ಕಬ್ಬಿಣಕ್ಕೆ ನಾಲ್ಕು, ಧಾನ್ಯಕ್ಕೆ ಆರು. ಧಾನ್ಯಕ್ಕೆ ಹೆಚ್ಚು ನೆಲೆಗಳಿರುವುದನ್ನು ಮೊದಲ ದಿನ ನಾನು ಗಮನಿಸಲಿಲ್ಲ. ಕಾಲ ನಿಜವಾದ ಕಾಲವೇ. ದಂಡು ದೂರದ ಹಳ್ಳಿಗೆ ನಡೆಯಲು ಏಳು ಗಂಟೆ ಬೇಕೆಂದರೆ ಏಳು ಗಂಟೆ ಕಾಯಬೇಕು. ನಾವು ನಿದ್ರಿಸುವಾಗಲೂ ಬೆಳೆ ಬೆಳೆಯುತ್ತದೆ, ದಾಳಿಯೂ ನಡೆಯುತ್ತದೆ. ಹೊಸಬರಿಗೆ ಮೊದಲ ಕೆಲವು ದಿನ ಅಭಯವಿರುತ್ತದೆ. ಅದು ಮುಗಿದ ಬೆಳಗ್ಗೆ ನನ್ನ ಕಣಜ ಬರಿದಾಗಿತ್ತು.

ಇಲ್ಲಿ ಮುಖ್ಯವಾದ ಒಂದು ಭೇದವನ್ನು ವಿವರಿಸಬೇಕು. ದಂಡನ್ನು ಕಳುಹಿಸುವವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ: ಆಕ್ರಮಣ, ಇಲ್ಲವೆ ಸೂರೆ. ಆಕ್ರಮಣದಲ್ಲಿ ಒಂದು ಪಕ್ಷ ಪೂರ್ತಿ ಅಳಿಯುವವರೆಗೆ ಕಾಳಗ ನಡೆಯುತ್ತದೆ, ಕವಣೆಯಂತ್ರಗಳು ಕಟ್ಟಡಗಳನ್ನು ಕೆಡವುತ್ತವೆ. ಸೂರೆಯಲ್ಲಿ ಹಾಗಿಲ್ಲ. ಎರಡು ಕಡೆಗೂ ಭಾಗಶಃ ನಷ್ಟವಾಗಿ ಕಾಳಗ ನಿಲ್ಲುತ್ತದೆ. ಕವಣೆಗಳು ಕೆಲಸ ಮಾಡುವುದಿಲ್ಲ. ಉಳಿದವರು ಹೊರುವಷ್ಟು ಹೊತ್ತುಕೊಂಡು ಮರಳುತ್ತಾರೆ. ಟ್ಯೂಟನರ ದೊಣ್ಣೆಯಾಳು ಅರವತ್ತು ಅಳತೆ ಹೊರಬಲ್ಲ, ಗಾಲರ ಈಟಿಯಾಳು ಮೂವತ್ತೈದು ಮಾತ್ರ. ಮೊದಲನೆಯವನು ಅಗ್ಗದ ಆಳು, ಕಾವಲಿಗೆ ಬಾರದವನು. ಎರಡನೆಯವನು ಕಾಯುವುದಕ್ಕೇ ಹುಟ್ಟಿದವನು. ಸೂರೆಕೋರನಿಗೆ ಎದುರಾಳಿಯನ್ನು ನಾಶಮಾಡುವ ಬಯಕೆಯಿಲ್ಲ. ನಾಳೆಯೂ ಅದೇ ಹಳ್ಳಿಯಲ್ಲಿ ಬೆಳೆ ಬರಬೇಕು, ನಾಡಿದ್ದು ಮತ್ತೆ ಹೋಗಬೇಕು. ಆಡುವುದನ್ನು ಬಿಟ್ಟವರ ಹಳ್ಳಿಗಳನ್ನು ಪಟ್ಟಿಮಾಡಿಕೊಂಡು ದಿನಕ್ಕೆ ಮೂರು ಬಾರಿ ಹೋಗಿ ಬರುವವರನ್ನು ಕಂಡೆ. ಅದು ಹೊಲಕ್ಕೆ ಹೋಗಿಬಂದಷ್ಟೇ ನಿರಾತಂಕವಾದ ಕೆಲಸ.

ಶಾಸನಗಳೂ ಇಂಥದೇ ಭೇದವನ್ನು ಕಾಣುತ್ತವೆ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಒಂದೇ ಅರ್ಥದವಲ್ಲ. ಊರಳಿವು ಊರಿನ ನಾಶ. ಪೆಣ್ಬುಯ್ಯಲ್ ಹೆಂಗಸರ ಮಾನಕ್ಕೆ ಬಂದ ಆಪತ್ತಿನ ಹುಯ್ಯಲು. ತುರುಗೋಳ್ ಸಂಪತ್ತಿನ ಸೂರೆ. ದನವೆಂದರೆ ಕಾಲಿರುವ ಸಂಪತ್ತು, ಹೊರಬೇಕಾದ್ದಿಲ್ಲ, ಅಟ್ಟಿಕೊಂಡು ಹೋದರಾಯಿತು. ಒಂದು ಊರಿಗೆ ಇವೆಲ್ಲ ಒಟ್ಟಾಗಿಯೂ ಬರಬಹುದು. ಆದರೆ ಬರೆಸಿದವರು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದರೆಂಬುದನ್ನು ಮರೆಯಬಾರದು. ಎಲ್ಲವನ್ನೂ ‘ಯುದ್ಧ’ ಎಂಬ ಒಂದೇ ಪದದಿಂದ ಅನುವಾದಿಸುವ ರೂಢಿಯಿಂದ ಈ ಭೇದ ಅಳಿಸಿಹೋಗಿದೆ.

ಸೂರೆಯಿಂದ ಉಳಿಸಿಕೊಳ್ಳಲು ಆಟದಲ್ಲಿ ಒಂದು ಗುಪ್ತ ಕುಳಿ ಇದೆ. ಅದರಲ್ಲಿ ಹಿಡಿಯುವಷ್ಟು ದವಸ ದಾಳಿಕೋರನ ಕೈಗೆ ಸಿಗುವುದಿಲ್ಲ. ಗಾಲರ ಕುಳಿ ಉಳಿದವರದಕ್ಕಿಂತ ದೊಡ್ಡದು. ನನ್ನ ತಂಗಿಯ ಅತ್ತೆಯವರು ಒಮ್ಮೆ ಚಹಾ ತಂದವರು ಪರದೆಯನ್ನು ನೋಡಿ, ಹುಡುಗ ವಿವರಿಸಿದ ಮೇಲೆ, ‘ಹಗೇವು ಅನ್ನು ಮತ್ತ’ ಎಂದರು. ಉತ್ತರ ಕರ್ನಾಟಕದ ಊರುಗಳಲ್ಲಿ ನೆಲದೊಳಗೆ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣೆಳೆಯುತ್ತಿದ್ದ ಹಗೇವು ಬರಗಾಲಕ್ಕೆಷ್ಟೋ ಸೂರೆಗೂ ಅಷ್ಟೇ ಉತ್ತರವಾಗಿತ್ತು. ಆ ಮಾತನ್ನು ನಾನು ಅಂದೇ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ಒಬ್ಬಂಟಿ ಹಳ್ಳಿ ಬಹುಕಾಲ ಬದುಕದು. ಆದ್ದರಿಂದ ಒಕ್ಕೂಟಗಳು. ಒಂದು ಒಕ್ಕೂಟದಲ್ಲಿ ಹೆಚ್ಚೆಂದರೆ ಅರವತ್ತು ಜನ. ಹೊರಗಿನಿಂದ ನೋಡುವವರಿಗೆ ಇವು ದಾಳಿಗಾಗಿ ಕೂಡಿದ ಗುಂಪುಗಳಂತೆ ಕಾಣುತ್ತವೆ. ಒಳಗೆ ಹೋದರೆ ತಿಳಿಯುವುದು, ಕೂಡಿರುವುದು ಬಹುಮಟ್ಟಿಗೆ ಕಾವಲಿಗಾಗಿ. ಸೂರೆಗೆ ಒಬ್ಬನೇ ಸಾಕು. ದಾಳಿಗೆ ಗುರಿಯಾದವನಿಗೆ ಶತ್ರು ಮುಟ್ಟುವ ಸಮಯ ಸೆಕೆಂಡಿನವರೆಗೆ ಕಾಣುತ್ತದೆ, ದಂಡಿನ ಗಾತ್ರ ಕಾಣುವುದಿಲ್ಲ. ಈ ಅಜ್ಞಾನವನ್ನು ಬಳಸಿಕೊಂಡು ಬಲಿಷ್ಠರು ಹತ್ತು ಹಳ್ಳಿಗಳ ಕಡೆಗೆ ಒಂದೊಂದೇ ಆಳನ್ನು ಅಟ್ಟಿ, ಹನ್ನೊಂದನೆಯದರ ಮೇಲೆ ನಿಜವಾದ ದಂಡನ್ನು ಕಳುಹಿಸುತ್ತಾರೆ. ಭಾರತ ಕಥೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಸುಶರ್ಮನು ತೆಂಕಣ ತುರುಗಳನ್ನು ಹಿಡಿದು ವಿರಾಟನ ಸೇನೆಯನ್ನೆಲ್ಲ ಅತ್ತ ಸೆಳೆದಮೇಲೆಯೇ ಕೌರವರು ಬಡಗಣ ತುರುಗಳಿಗೆ ಕೈಹಾಕುತ್ತಾರೆ. ಕುಮಾರವ್ಯಾಸನ ಉತ್ತರಕುಮಾರನ ಪ್ರಸಂಗವನ್ನು ನಗುತ್ತ ಪಾಠ ಹೇಳುವ ನಾವು, ಆ ಹುಡುಗ ಅರಮನೆಯಲ್ಲಿ ಒಬ್ಬನೇ ಉಳಿಯಲು ಕಾರಣವಾದ ಯುದ್ಧತಂತ್ರವನ್ನು ಎಷ್ಟು ಬಾರಿ ಹೇಳುತ್ತೇವೆ?

ಆಟದ ನಿಯಮಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು. ಪ್ರತಿ ಆಳೂ ಗಂಟೆಗೆ ಇಷ್ಟೆಂದು ಧಾನ್ಯ ತಿನ್ನುತ್ತಾನೆ. ಅವನನ್ನು ನೆರವಿಗೆಂದು ಬೇರೊಬ್ಬರ ಹಳ್ಳಿಗೆ ಕಳುಹಿಸಿದರೆ, ಅಲ್ಲಿರುವಷ್ಟು ಕಾಲ ಅವನು ತಿನ್ನುವುದು ಆ ಹಳ್ಳಿಯ ಧಾನ್ಯವನ್ನು. ಧಾನ್ಯ ತೀರಿದರೆ ದಂಡು ಹಸಿವಿನಿಂದ ಸಾಯತೊಡಗುತ್ತದೆ. ಸೋದರಳಿಯನು ಇದನ್ನು ಒಂದೇ ಮಾತಿನಲ್ಲಿ ಹೇಳಿದ: ‘ಮಾಮಾ, ದಂಡು ಕಳಸೂದು ದೊಡ್ಡದಲ್ಲ, ಅದಕ್ಕ ಕೂಳು ಹಾಕೂದು ದೊಡ್ಡದು.’ ದೊಡ್ಡ ದಾಳಿಯ ಹಿಂದಿನ ರಾತ್ರಿ ಒಕ್ಕೂಟದವರೆಲ್ಲ ಆಳುಗಳ ಜತೆಗೆ ಧಾನ್ಯದ ಗಾಡಿಗಳನ್ನೂ ಆ ಒಂದು ಹಳ್ಳಿಗೆ ಸಾಗಿಸುವುದರಲ್ಲಿ ತೊಡಗಿರುತ್ತಾರೆ.

ಶಾಸನಗಳ ‘ಜೋಳವಾಳಿ’ ನೆನಪಾಗದಿರಲು ಸಾಧ್ಯವೇ? ಒಡೆಯನ ಜೋಳವನ್ನುಂಡವನು ಸಮಯ ಬಂದಾಗ ಪ್ರಾಣಕೊಟ್ಟು ಆ ಋಣವನ್ನು ತೀರಿಸುವುದು ಜೋಳವಾಳಿ. ಒಡೆಯನು ಮಡಿದ ವೇಳೆಯಲ್ಲಿ ತಾನೂ ಮಡಿಯುವೆನೆಂಬ ಭಾಷೆಯಾದ ‘ವೇಳೆವಾಳಿ’ ಬೇರೆ. ಎಂ. ಚಿದಾನಂದಮೂರ್ತಿಯವರು ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಈ ಸಂಪ್ರದಾಯಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಪಂಪನ ಕರ್ಣನ ನಿಷ್ಠೆಯನ್ನು ವಿವರಿಸುವಾಗಲೂ ವಿಮರ್ಶಕರು ಈ ಕಲ್ಪನೆಯ ನೆರವು ಪಡೆಯುತ್ತಾರೆ. ನಾನು ಜೋಳವಾಳಿಯನ್ನು ಒಂದು ಅಲಂಕಾರವೆಂಬಂತೆ, ‘ಸ್ವಾಮಿನಿಷ್ಠೆ’ಗೆ ಇನ್ನೊಂದು ಹೆಸರೆಂಬಂತೆ ಇಪ್ಪತ್ತು ವರ್ಷ ಪಾಠ ಹೇಳಿದ್ದೆ. ಅದು ಮೊದಲಿಗೆ ಲೆಕ್ಕದ ಮಾತು. ಇಷ್ಟು ಬಾಯಿಗೆ ಇಷ್ಟು ಜೋಳ. ನಿಷ್ಠೆ ಆಮೇಲಿನದು.

ನನಗೆ ಇದು ಮನದಟ್ಟಾದ ಬಗೆಯನ್ನೂ ಹೇಳಿಬಿಡುತ್ತೇನೆ. ಜೂನ್ ಆರಂಭದಲ್ಲಿ ನನ್ನ ಹಳ್ಳಿಯಲ್ಲಿ ಆಳುಗಳು ಹೆಚ್ಚಿ ಧಾನ್ಯ ಸಾಲದಾಯಿತು. ಒಕ್ಕೂಟದ ಒಬ್ಬ ಆಟಗಾರ, ಆತನ ಊರು ಭಾಷೆ ಯಾವುದೂ ನನಗೆ ತಿಳಿಯದು, ತನ್ನ ಎರಡನೆಯ ಹಳ್ಳಿಯಲ್ಲಿ ನನ್ನ ಈಟಿಯಾಳುಗಳನ್ನು ಇರಿಸಿಕೊಳ್ಳಲು ಒಪ್ಪಿದ. ಮೂರು ವಾರ ಅವರು ಅಲ್ಲಿಯೇ ಉಂಡರು. ಒಂದು ರಾತ್ರಿ ಅವನ ಹಳ್ಳಿಯ ಮೇಲೂ ನನ್ನದರ ಮೇಲೂ ದಾಳಿ ಹೊರಟಿರುವುದು ಕಂಡಿತು. ಸೋದರಳಿಯ ಮದುವೆಗೆಂದು ಹೋಗಿದ್ದ. ನಾನು ಹೆಚ್ಚು ಯೋಚಿಸದೆ ನನ್ನ ದಂಡನ್ನು ಅವನಲ್ಲಿಂದ ಹಿಂದಕ್ಕೆ ಕರೆಸಿಕೊಂಡೆ. ನಾಲ್ಕು ಗಂಟೆಯ ಹಾದಿ. ಬೆಳಗಿನ ಜಾವ ಬಂದು ಸೇರಿತು. ನನ್ನ ಮೇಲೆ ಬಂದದ್ದು ಒಬ್ಬನೇ ಆಳು. ಅವನ ಹಳ್ಳಿ ಕವಣೆಗಳ ಏಟಿಗೆ ನೆಲಸಮವಾಯಿತು. ಆತ ಒಂದು ಮಾತನ್ನೂ ಆಡದೆ ಆಟ ಬಿಟ್ಟುಹೋದ. ಮರುದಿನ ವರದಿಯನ್ನು ಓದಿದ ಹುಡುಗ ನನ್ನನ್ನು ದೂರಲಿಲ್ಲ. ‘ನಮ್ಮ ದಂಡು ಅವನ ಜ್ವಾಳ ತಿಂದಿತ್ತಲ್ಲ, ಮಾಮಾ’ ಎಂದಷ್ಟೇ ಹೇಳಿ ಕೆಳಗೆ ಅಂಗಡಿಗೆ ಇಳಿದುಹೋದ. ಆಟದಲ್ಲಿದ್ದುದು ಗೋಧಿಯ ತೆನೆಯ ಚಿತ್ರ. ಹುಡುಗ ಹುಟ್ಟಿ ಬೆಳೆದದ್ದು ನಾಗಪುರದಲ್ಲಿ, ಓದಿದ್ದು ಹಿಂದಿ ಮರಾಠಿಗಳ ನಡುವೆ, ಜೋಳವಾಳಿ ಎಂಬ ಮಾತನ್ನು ಕೇಳಿದವನೇ ಅಲ್ಲ.

ಸೂರೆಯಿಂದ ಪಾರಾಗಲು ಇನ್ನೊಂದು ದಾರಿಯೂ ಇದೆ. ಬಲಿಷ್ಠನಿಗೆ ದಿನಕ್ಕಿಷ್ಟೆಂದು ತಾವಾಗಿಯೇ ಕಳುಹಿಸಿಕೊಟ್ಟರೆ ಅವನ ದಂಡು ಬರುವುದಿಲ್ಲ. ಇದು ಆಟದ ನಿಯಮದಲ್ಲಿಲ್ಲ, ಆಡುವವರು ರೂಢಿಸಿಕೊಂಡದ್ದು. ಮಹಡಿಗೆ ಬರುತ್ತಿದ್ದ ಮರಾಠಿ ಗೆಳೆಯರು ಅದನ್ನು ‘ಚೌಥಾಯಿ’ ಎಂದೇ ಕರೆಯುತ್ತಿದ್ದರು. ಕರೆಯಲು ಅವರಿಗೆ ಹಕ್ಕಿದೆ. ಗಾಂಧಿಬಾಗಿಗೆ ಹತ್ತಿರದ ಮಹಾಲಿನಲ್ಲಿ ನೆಲೆಸಿದ ಭೋಸಲೆ ರಘೂಜಿಯ ದಂಡು 1742ರಿಂದ ಸುಮಾರು ಹತ್ತು ವರ್ಷ ಬಂಗಾಳದ ಹಳ್ಳಿಗಳನ್ನು ಸೂರೆಮಾಡಿತು. ಅದರ ನಾಯಕ ಭಾಸ್ಕರ ಪಂಡಿತನನ್ನು ನವಾಬ ಅಲಿವರ್ದಿ ಖಾನನು 1744ರಲ್ಲಿ ಸಂಧಾನಕ್ಕೆಂದು ಕರೆಸಿ ಕೊಲ್ಲಿಸಿದ. ಕೊನೆಗೆ 1751ರ ಒಪ್ಪಂದದಲ್ಲಿ ನವಾಬನು ಒರಿಸ್ಸಾದ ಆದಾಯವನ್ನು ಬಿಟ್ಟುಕೊಟ್ಟು, ವರ್ಷಕ್ಕೆ ಹನ್ನೆರಡು ಲಕ್ಷ ರೂಪಾಯಿ ಚೌಥ ಸಲ್ಲಿಸಲು ಒಪ್ಪಿದ ಮೇಲೆ ದಾಳಿ ನಿಂತಿತು. ಬಂಗಾಳದ ತಾಯಂದಿರ ಜೋಗುಳದಲ್ಲಿ ಆ ‘ಬರ್ಗಿ’ಗಳ ಭಯ ಇನ್ನೂ ಉಳಿದಿದೆ. ನಾಗಪುರದಲ್ಲಿ ಅದೇ ದಂಡು ವೈಭವದ ನೆನಪು. ಸೂರೆಯ ಇತಿಹಾಸವನ್ನು ಯಾವ ಊರಿನಲ್ಲಿ ಕುಳಿತು ಬರೆಯುತ್ತೇವೆಂಬುದು ಮುಖ್ಯವಾಗುತ್ತದೆ.

ಕನ್ನಡದ ವೀರಗಲ್ಲುಗಳು ಬಹುಪಾಲು ಸೂರೆಗೊಳಗಾದ ಊರಿನಲ್ಲಿ ಕುಳಿತು ಬರೆದವು. ದನಗಳನ್ನು ಹೊಡೆದುಕೊಂಡು ಹೋದವನಿಗಲ್ಲ, ಅವನ್ನು ಮರಳಿಸುವಾಗ ಬಿದ್ದವನಿಗೆ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ. ಜೊತೆಗೆ, ಹಲವು ಕಡೆ, ಅವನ ಮನೆಯವರಿಗೆ ‘ನೆತ್ತರುಗೊಡಗೆ’ಯಾಗಿ ಬಿಟ್ಟ ಭೂಮಿಯ ವಿವರ. ಕೊಡಗೆಯನ್ನು ನಾವು ಬಹುಮಾನವೆಂದು ಓದುತ್ತೇವೆ. ಉಂಡ ಜೋಳಕ್ಕೆ ನೆತ್ತರು, ಸುರಿದ ನೆತ್ತರಿಗೆ ಮತ್ತೆ ಜೋಳ ಬೆಳೆಯುವ ನೆಲ ಎಂದು ಓದಿದರೆ ಜೋಳವಾಳಿಯೂ ನೆತ್ತರುಗೊಡಗೆಯೂ ಒಂದೇ ಲೆಕ್ಕದ ಎರಡು ಪುಟಗಳಾಗುತ್ತವೆ. ತುರುಗೋಳ್ ಕಳವೇ ಯುದ್ಧವೇ ಎಂಬ ಪ್ರಶ್ನೆಗೆ ಈಗ ನಾನು ಕೊಡುವ ಉತ್ತರ ಇದು: ಸೂರೆಗಾರನ ಕಡೆಯಿಂದ ಅದು ಫಸಲು; ಕಾದವನ ಕಡೆಯಿಂದ ಸಾಲದ ತೀರುವಳಿ.

ಹೊರನಾಡಿನ ಓದುಗರಿಗಾಗಿ ಒಂದು ಮಾತು. ನಾಗಪುರ ಈ ಲೋಕಕ್ಕೆ ದೂರದ್ದಲ್ಲ. ಆ ಊರಿನ ಹೆಸರು ಮೊದಲು ಕಾಣುವುದು ವಾರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ 940ರ ತಾಮ್ರಪಟದಲ್ಲಿ. ಕೊಟ್ಟವನು ರಾಷ್ಟ್ರಕೂಟ ಮೂರನೆಯ ಕೃಷ್ಣ. ಅದೇ ಕೃಷ್ಣನ ಕಾಲದ ಆತಕೂರು ಶಾಸನ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗ ಬೂತುಗನು ಊರುಗಳನ್ನು ‘ಬಾಳ್ಗಚ್ಚು’ ಕೊಟ್ಟುದನ್ನೂ, ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತುದನ್ನೂ ಹೇಳುತ್ತದೆ. ಬಾಳ್ಗಚ್ಚೆಂದರೆ ಕತ್ತಿ ತೊಳೆದ ಕೊಡುಗೆ. ಲೆಕ್ಕ ಮತ್ತೆ ಅದೇ. ನಾಯಿಯ ಹೆಸರೂ ಉಳಿಯಿತು.

ಆಟವೂ ಲೆಕ್ಕವಿಡುತ್ತದೆ. ವಾರಕ್ಕೊಮ್ಮೆ ಹೆಚ್ಚು ಸೂರೆಮಾಡಿದವರಿಗೆ, ಆಕ್ರಮಿಸಿದವರಿಗೆ, ಕಾದವರಿಗೆ ಪದಕ. ಕಾದವನ ಅಂಕ ಅವನು ಕೊಂದ ಆಳುಗಳ ಎಣಿಕೆ. ಯಾರ ಧಾನ್ಯವನ್ನುಂಡು ಕಾದನೆಂಬುದು ಎಲ್ಲಿಯೂ ದಾಖಲಾಗುವುದಿಲ್ಲ. 2012ರಲ್ಲಿ ಹೆಲ್ಸಿಂಕಿಯ ಸೂಪರ್‌ಸೆಲ್ ಸಂಸ್ಥೆ ಹೊರತಂದ, ಈಗ ನನ್ನ ವಿದ್ಯಾರ್ಥಿಗಳ ಫೋನುಗಳಲ್ಲಿ ಕಾಣುವ ಕ್ಲಾಷ್ ಆಫ್ ಕ್ಲಾನ್ಸ್‌ನಲ್ಲಿ ದಾಳಿ ಮೂರು ನಿಮಿಷಕ್ಕೆ ಮುಗಿಯುತ್ತದೆ. ಅಲ್ಲಿಯೂ ಕುಲದವರು ಒಬ್ಬರಿಗೊಬ್ಬರು ಆಳುಗಳನ್ನು ಕೊಡುತ್ತಾರೆ, ಆದರೆ ಆ ಆಳುಗಳು ಏನನ್ನೂ ತಿನ್ನುವುದಿಲ್ಲ. ಚೆಲುವಾದ ಆಟ, ನನಗೆ ಹಿಡಿಸಲಿಲ್ಲ.

ಟ್ರಾವಿಯನ್ನಿನ ಒಂದೊಂದು ಸರ್ವರಿಗೂ ಕೊನೆಯಿದೆ. ಯಾವುದಾದರೊಂದು ಒಕ್ಕೂಟ ಮಹಾಸೌಧವನ್ನು ನೂರನೆಯ ಹಂತಕ್ಕೆ ಏರಿಸಿದ ದಿನ ಎಲ್ಲವೂ ನಿಲ್ಲುತ್ತದೆ. ಹಳ್ಳಿಗಳೆಲ್ಲ ಅಳಿದು, ಸ್ವಲ್ಪ ಕಾಲದ ನಂತರ ಹೊಸ ನಕ್ಷೆ ಮೊದಲಾಗುತ್ತದೆ. ನಮ್ಮದು ಮುಗಿಯುವ ಹೊತ್ತಿಗೆ ನಾನು ನಾಗಪುರ ಬಿಟ್ಟು ತಿಂಗಳುಗಳಾಗಿದ್ದವು. ಸೋದರಳಿಯ ಫೋನು ಮಾಡಿ ತಿಳಿಸಿದ. ಮುಚ್ಚುವ ಮುನ್ನ ಆ ಬಿದ್ದ ಹಳ್ಳಿಯ ಜಾಗವನ್ನೊಮ್ಮೆ ತೆಗೆದು ನೋಡೆಂದು ಕೇಳಿಕೊಂಡೆ. ಅವನು ನಕ್ಷೆಯ ಅಂಕಿಗಳನ್ನು ಹಾಕಿ ನೋಡಿ, ‘ಬರೇ ಬಯಲು ಐತಿ, ಮಾಮಾ, ಹೆಸರು ಇಲ್ಲ’ ಎಂದ. ಅಂಕಿಗಳನ್ನು ಕೇಳಿ ಹಗೇವಿನ ಮಾತಿದ್ದ ಅದೇ ಪುಟದ ಕೆಳಗೆ ಬರೆದುಕೊಂಡೆ.