ಅಂಗೈಯ ಪರದೆ ಮತ್ತು ಕಣ್ಣಿನ ದಣಿವು

ಜತ್ತ ತಾಲೂಕಿನ ಸನಮಡಿಯಂತಹ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗೆ ಪಠ್ಯಪುಸ್ತಕವು ಇಂದು ಎರಡು ರೂಪಗಳಲ್ಲಿ ದೊರೆಯುತ್ತದೆ. ಪುಣೆಯ ಬಾಲಭಾರತಿ ಸಂಸ್ಥೆ ಮುದ್ರಿಸುವ ಪುಸ್ತಕ ಒಂದು. ಅದೇ ಸಂಸ್ಥೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದಾದ ಪಿಡಿಎಫ್ ಪ್ರತಿ ಇನ್ನೊಂದು. ಮರಾಠಿ, ಉರ್ದು, ಗುಜರಾತಿಗಳ ಸಾಲಿನಲ್ಲಿ ಕನ್ನಡಕ್ಕೂ ಈ ಸೌಲಭ್ಯ ಸಂದಿರುವುದು ಗಡಿಭಾಗದ ಕನ್ನಡಿಗರಿಗೆ ಸಮಾಧಾನದ ಸಂಗತಿಯೇ ಸರಿ. ಆದರೆ ಮೇಜಿನ ಮೇಲೆ ಹರಡಿ ಓದಲೆಂದು ಜೋಡಿಸಿದ ಪುಟವು ಮೊಬೈಲಿನ ಪರದೆಯೊಳಗೆ ಕುಗ್ಗಿದಾಗ ಅಕ್ಷರಗಳೂ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಕನ್ನಡದ ಅಕ್ಷರಕ್ಕೆ ಅಡಿಯಲ್ಲೊಂದು ಒತ್ತಕ್ಷರವೂ ಇರುವುದರಿಂದ ತೊಡಕು ಇಮ್ಮಡಿಯಾಗುತ್ತದೆ. ಒತ್ತು ಕಾಣದ ಬಾಲಕನು ಮೊಬೈಲನ್ನು ಮೂಗಿನ ಹತ್ತಿರಕ್ಕೆ ತರುತ್ತಾನೆ. ಕಣ್ಣಿನ ದಣಿವು ಅಲ್ಲಿಂದಲೇ ಆರಂಭವಾಗುತ್ತದೆ.

ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ನೋಡಲು ಕಣ್ಣಿನೊಳಗಿನ ಒಂದು ಸಣ್ಣ ಸ್ನಾಯು ಬಿಗಿದುಕೊಂಡು ಮಸೂರದ ಉಬ್ಬನ್ನು ಹೆಚ್ಚಿಸಬೇಕು; ಎರಡೂ ಕಣ್ಣುಗಳು ಒಳಮುಖವಾಗಿ ತಿರುಗಬೇಕು. ದೂರದ ದೃಶ್ಯವನ್ನು ನೋಡುವಾಗ ಆರೋಗ್ಯವಂತ ಕಣ್ಣಿಗೆ ಈ ದುಡಿಮೆ ಇಲ್ಲ. ಐವತ್ತು ಸೆಂಟಿಮೀಟರಿನಲ್ಲಿದ್ದ ಪರದೆಯನ್ನು ಇಪ್ಪತ್ತೈದಕ್ಕೆ ತಂದರೆ ಈ ಶ್ರಮ ಎರಡು ಪಟ್ಟಾಗುತ್ತದೆ. ತಲೆಯ ಮೇಲೆ ಹೊರೆ ಹೊತ್ತವನು ಅದನ್ನು ನಡುನಡುವೆ ಇಳಿಸಿ ಸುಧಾರಿಸಿಕೊಳ್ಳುತ್ತಾನೆ. ಮೊಬೈಲು ಹಿಡಿದವನ ಕಣ್ಣಿಗೆ ಆ ಅವಕಾಶ ಸಿಗುವುದಿಲ್ಲ. ಹಣೆನೋವು, ದೂರ ನೋಡಿದಾಗ ಕ್ಷಣಕಾಲ ಮಬ್ಬು, ಅಕ್ಷರ ಎರಡಾಗಿ ಕಾಣುವುದು, ಇವೆಲ್ಲ ಆ ಸ್ನಾಯುಗಳ ದೂರುಗಳು.

ಉರಿಗೆ ಕಾರಣ ಬೇರೆ. ಮನುಷ್ಯನು ಸಹಜವಾಗಿ ನಿಮಿಷಕ್ಕೆ ಸುಮಾರು ಹದಿನೈದು ಸಲ ಎವೆ ಮುಚ್ಚಿ ತೆರೆಯುತ್ತಾನೆ. ಪರದೆಯ ಮುಂದೆ ಕುಳಿತಾಗ ಅದು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಇಳಿಯುತ್ತದೆ. ಆಗಲೂ ಎವೆಗಳು ಪೂರ್ಣವಾಗಿ ಕೂಡುವುದಿಲ್ಲ. ಪ್ರತಿ ಸಲ ಎವೆ ಬಡಿದಾಗ ಕಣ್ಣಿನ ಮೇಲೆ ತೆಳುವಾದ ಕಣ್ಣೀರಿನ ಪದರ ಹರಡುತ್ತದೆ. ಅದರ ಮೇಲ್ಭಾಗದಲ್ಲಿರುವ ಎಣ್ಣೆಯ ಅಂಶವು ನೀರು ಆವಿಯಾಗದಂತೆ ತಡೆಯುತ್ತದೆ. ಎವೆ ಬಡಿಯುವುದು ತಪ್ಪಿದರೆ ಪದರ ಒಡೆದು ಕಣ್ಣು ಒಣಗುತ್ತದೆ. ಮಳೆ ಕಡಿಮೆಯಿರುವ, ಬಯಲುಗಾಳಿ ಬೀಸುವ ಜತ್ತ ಸೀಮೆಯಲ್ಲಿ, ಅದರಲ್ಲಿಯೂ ಮುಖಕ್ಕೆ ನೇರವಾಗಿ ಫ್ಯಾನು ತಿರುಗಿಸಿಕೊಂಡು ಕುಳಿತವರಿಗೆ, ಇದು ಇನ್ನೂ ಬೇಗ ಆಗುತ್ತದೆ.

ರೋಗದ ಕಾರಣ ಇಷ್ಟು ಸರಳವಾಗಿರುವಾಗ ಮದ್ದು ದುಬಾರಿಯಾಗಬೇಕಿಲ್ಲ. ಅಮೆರಿಕದ ನೇತ್ರತಜ್ಞ ಜೆಫ್ರಿ ಆನ್ಶೆಲ್ ಅವರು ರೂಢಿಗೆ ತಂದ ನಿಯಮವೊಂದಿದೆ: ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿಗಿಂತ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡಬೇಕು. ಮಹಾನಗರದ ಕೋಣೆಯಲ್ಲಿ ಇಪ್ಪತ್ತು ಅಡಿಗಳನ್ನು ಹುಡುಕಬೇಕಾದೀತು. ಹೊಸ್ತಿಲಲ್ಲಿ ನಿಂತರೆ ಹೊಲದಾಚೆಯ ಬೇವಿನ ಮರ ಕಾಣುವ ಹಳ್ಳಿಗನಿಗೆ ಆ ಬಡತನವಿಲ್ಲ. ಪರದೆ ಒಂದು ತೋಳಿನಷ್ಟು ದೂರ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಕೆಳನೋಟದಲ್ಲಿ ಎವೆಯು ಕಣ್ಣನ್ನು ಹೆಚ್ಚು ಮುಚ್ಚುವುದರಿಂದ ಒಣಗುವುದೂ ಕಡಿಮೆ. ಪಿಡಿಎಫ್ ಓದುವಾಗ ಮೊಬೈಲನ್ನು ಅಡ್ಡಲಾಗಿ ಹಿಡಿದರೆ ಅಕ್ಷರ ಹಿಗ್ಗುತ್ತದೆ. ಮುದ್ರಿತ ಪುಸ್ತಕ ಕೈಯಲ್ಲಿರುವಾಗಲೂ ಪರದೆಯಲ್ಲಿಯೇ ಓದುವ ಹಟವೇಕೆ?

ನಮ್ಮ ಭಾಗದಲ್ಲಿ ಕನ್ನಡಕಕ್ಕೆ ಚಾಳೀಸು ಎನ್ನುವ ಹೆಸರು ಬಂದದ್ದೇ ನಾಲ್ವತ್ತು ಎಂಬ ಸಂಖ್ಯೆಯಿಂದ. ಆ ವಯಸ್ಸಿನಲ್ಲಿ ಮಸೂರವು ಬಿಗುವಾಗಿ ಹತ್ತಿರದ ಓದು ಕಷ್ಟವಾಗುತ್ತದೆ. ನಾಲ್ವತ್ತು ದಾಟಿದವರು ಪರದೆಯನ್ನು ದೂಷಿಸುವ ಮೊದಲು ಚಾಳೀಸಿನ ನಂಬರು ಪರೀಕ್ಷಿಸಿಕೊಳ್ಳುವುದು ಮೇಲು. ಇತ್ತ ನೀಲಿ ಕಿರಣ ತಡೆಯುವುದೆಂದು ಹೆಚ್ಚು ಬೆಲೆಗೆ ಮಾರುವ ಕನ್ನಡಕಗಳಿಂದ ಕಣ್ಣಿನ ದಣಿವು ಇಳಿಯುತ್ತದೆಂಬುದಕ್ಕೆ ಆಧಾರ ದುರ್ಬಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕೊಕ್ರೇನ್ ಸಂಸ್ಥೆಯ 2023ರ ವರದಿಯು, ಸಾಮಾನ್ಯ ಕನ್ನಡಕಕ್ಕೆ ಹೋಲಿಸಿದರೆ ಅಲ್ಪಾವಧಿಯಲ್ಲಿ ಅವುಗಳಿಂದ ಈ ವಿಷಯದಲ್ಲಿ ವಿಶೇಷ ಪ್ರಯೋಜನ ಕಾಣದೆಂದಿತು. ಆ ಹಣ ಕಣ್ಣಿನ ತಪಾಸಣೆಗೆ ಸಲ್ಲಲಿ.

ಹೆಚ್ಚಿನ ಅಪಾಯವಿರುವುದು ಹನಿಗಳಲ್ಲಿ. ಕೆಂಪಾದ ಕಣ್ಣಿಗೆ ಔಷಧದಂಗಡಿಯಿಂದ ಯಾವುದೋ ಒಂದು ಹನಿ ತಂದು ಹಾಕುವ ರೂಢಿ ವ್ಯಾಪಕವಾಗಿದೆ. ಸ್ಟೆರಾಯ್ಡ್ ಇರುವ ಹನಿಗಳನ್ನು ದೀರ್ಘಕಾಲ ಬಳಸಿದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರಕ್ಕೆ ಹಾನಿಯಾಗಬಹುದು, ಪೊರೆಯೂ ಬರಬಹುದು. ಇಂತಹ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು 1945ರ ಔಷಧ ನಿಯಮಗಳು ನಿಷೇಧಿಸಿವೆ. ಕಣ್ಣಿಗೆ ಜೇನುತುಪ್ಪ ಅಥವಾ ಹರಳೆಣ್ಣೆ ಬಿಡುವುದು ಸೋಂಕಿಗೆ ಆಹ್ವಾನ.

ಕಾನೂನು ಈ ದಣಿವನ್ನು ಅರಿಯದೆ ಇರಲಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 17ನೆಯ ಕಲಮು ಕಣ್ಣು ಕುಕ್ಕುವ ಬೆಳಕನ್ನೂ, ಕಣ್ಣಿಗೆ ಶ್ರಮವಾಗುವಂತಹ ನೆರಳನ್ನೂ ತಡೆಯಬೇಕೆಂದು ವಿಧಿಸಿತು. ಐರೋಪ್ಯ ಸಮುದಾಯವು 1990ರಲ್ಲಿಯೇ ಪರದೆಯ ಮುಂದೆ ದುಡಿಯುವವರಿಗೆ ನೇತ್ರತಪಾಸಣೆಯ ಹಕ್ಕನ್ನೂ ನಡುನಡುವೆ ಬಿಡುವನ್ನೂ ನಿರ್ದೇಶಿಸಿತು. ಆದರೆ ಸಾತ್ ಬಾರಾ ಉತಾರೆಗೂ ಜಾತಿ ಪ್ರಮಾಣಪತ್ರಕ್ಕೂ ಅರ್ಜಿ ತುಂಬುತ್ತ ದಿನವಿಡೀ ಗಣಕದ ಮುಂದಿರುವ ಹಳ್ಳಿಯ ಸೇವಾಕೇಂದ್ರದ ಯುವಕನು ತನಗೆ ತಾನೇ ಧಣಿ; ಬಿಡುವನ್ನು ಅವನೇ ಕೊಟ್ಟುಕೊಳ್ಳಬೇಕು. ಸರತಿಯಲ್ಲಿ ನಿಂತವರೂ ಒಂದು ನಿಮಿಷ ತಾಳಬೇಕು.

ಮಕ್ಕಳ ವಿಷಯದಲ್ಲಿ ದಣಿವಿಗಿಂತ ದೊಡ್ಡ ಚಿಂತೆ ಸಮೀಪದೃಷ್ಟಿ. ದಣಿವು ವಿಶ್ರಾಂತಿಯಿಂದ ಹೋಗುತ್ತದೆ. ಕಣ್ಣುಗುಡ್ಡೆ ಉದ್ದವಾಗಿ ಬಂದ ಸಮೀಪದೃಷ್ಟಿ ಹಿಂದಿರುಗುವುದಿಲ್ಲ. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಲ್ಲಿ ಅದು ಕಡಿಮೆಯೆಂದು ಚೀನಾ, ತೈವಾನುಗಳ ಶಾಲೆಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಕೋವಿಡ್ ಕಾಲದಲ್ಲಿ, 2020ರ ಜುಲೈಯಲ್ಲಿ, ಕೇಂದ್ರ ಸರಕಾರ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯು ಎಂಟನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಆನ್‌ಲೈನ್ ಪಾಠಗಳಷ್ಟೇ ಸಾಕೆಂದಿತ್ತು. ಇಂದು ಮನೆಯಲ್ಲಿ ಆ ಅಳತೆಯನ್ನು ನೆನೆಯುವವರು ವಿರಳ.

ಹಿಂದಿನ ಬೆಂಚಿನಿಂದ ಹಲಗೆಯ ಮೇಲಿನ ಬರಹವನ್ನು ಓದಲಾರದ, ಓದಲು ಕಣ್ಣು ಕಿರಿದು ಮಾಡುವ ಮಗುವನ್ನು ಮೊದಲು ಗುರುತಿಸಬಲ್ಲವರು ಶಿಕ್ಷಕರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗಳಲ್ಲಿ ನಡೆಸುವ ತಪಾಸಣೆಯಲ್ಲಿ ದೃಷ್ಟಿದೋಷವೂ ಸೇರಿದೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅಗತ್ಯವಿರುವ ಶಾಲಾಮಕ್ಕಳಿಗೆ ಉಚಿತ ಕನ್ನಡಕ ಕೊಡುವ ಏರ್ಪಾಡಿದೆ. ತಂಡ ಬರುವ ದಿನ ಮಗುವನ್ನು ಶಾಲೆಗೆ ತಪ್ಪದೆ ಕಳಿಸಬೇಕು. ದೃಷ್ಟಿ ಥಟ್ಟನೆ ಕುಂದಿದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ನೋವಿನೊಡನೆ ವಾಂತಿಯಾದರೆ ಅದು ಪರದೆಯ ದಣಿವಲ್ಲ. ಅಂದೇ ಮಿರಜಿಗೋ ಸಾಂಗಲಿಗೋ ಹೊರಟು ನೇತ್ರವೈದ್ಯರನ್ನು ಕಾಣಬೇಕು.