ವೆಜ್ಲೆ: ಬೆಟ್ಟದ ಮೇಲಿನ ಹಳ್ಳಿ

ರಾಜಧಾನಿಯನ್ನು ನೋಡಿದವನು ಒಂದು ದೇಶದ ವೈಭವವನ್ನು ನೋಡಿಯಾನು. ಆ ದೇಶದ ನೆನಪನ್ನು ನೋಡಬೇಕೆಂದರೆ ಹಳ್ಳಿಗೇ ಹೋಗಬೇಕು. ಫ್ರಾನ್ಸಿನ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಪ್ಯಾರಿಸ್ಸಿನಿಂದ ಆಗ್ನೇಯಕ್ಕೆ ಸುಮಾರು 220 ಕಿಲೋಮೀಟರು ದೂರದಲ್ಲಿ, ಬರ್ಗಂಡಿ ಪ್ರಾಂತದಲ್ಲಿ, ವೆಜ್ಲೆ ಎಂಬ ಹಳ್ಳಿಯಿದೆ. ಅದರ ಜನಸಂಖ್ಯೆ ಐನೂರನ್ನೂ ಮುಟ್ಟದು. ಹಾಗಿದ್ದರೂ ಯುರೋಪಿನ ಇತಿಹಾಸ ಈ ಹಳ್ಳಿಯ ಕದವನ್ನು ಮತ್ತೆ ಮತ್ತೆ ತಟ್ಟಿದೆ. ನಮ್ಮ ದೇಶದ ಸುದ್ದಿಯೂ ಎರಡು ಬಾರಿ, ಎರಡು ತೀರ ಬೇರೆಯಾದ ಬಗೆಗಳಲ್ಲಿ, ಇಲ್ಲಿಗೆ ಬಂದು ಮುಟ್ಟಿದೆ.

ರೈಲಿನಲ್ಲಿ ಬರುವವರು ಸೆರ್ಮಿಜೆಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಸುಮಾರು ಹತ್ತು ಕಿಲೋಮೀಟರಿನ ದಾರಿ. ದ್ರಾಕ್ಷಿತೋಟಗಳೂ ಹುಲ್ಲುಗಾವಲುಗಳೂ ಹಬ್ಬಿದ ಬಯಲಿನ ನಡುವೆ ಬೆಟ್ಟವೊಂದು ಎದ್ದು ನಿಂತಿದೆ. ಅದರ ಬೆನ್ನಿನ ಮೇಲೆ ಹೆಂಚಿನ ಮಾಡುಗಳ ಸಾಲು. ನೆತ್ತಿಯ ಮೇಲೆ ಒಂದು ದೊಡ್ಡ ಚರ್ಚು. ಊರಿಗೆಲ್ಲ ಮುಖ್ಯವಾದದ್ದು ಒಂದೇ ಬೀದಿ. ಅದು ಏರುತ್ತ ಏರುತ್ತ ನಮ್ಮನ್ನು ಚರ್ಚಿನ ಬಾಗಿಲಿಗೇ ಒಯ್ದು ನಿಲ್ಲಿಸುತ್ತದೆ. ನೆಲದಲ್ಲಿ ಅಲ್ಲಲ್ಲಿ ಲೋಹದ ಕಪ್ಪೆಚಿಪ್ಪುಗಳನ್ನು ಕೂರಿಸಿದ್ದಾರೆ. ಸ್ಪೇನಿನ ಸಾಂತಿಯಾಗೊ ಕ್ಷೇತ್ರಕ್ಕೆ ಹೊರಡುವ ಯಾತ್ರಿಕರ ಲಾಂಛನ ಅದು. ಫ್ರಾನ್ಸಿನಿಂದ ಆ ಕ್ಷೇತ್ರಕ್ಕೆ ಸಾಗುವ ನಾಲ್ಕು ಪುರಾತನ ಮಾರ್ಗಗಳಲ್ಲಿ ಒಂದು ಇಲ್ಲಿ ಮೊದಲಾಗುತ್ತದೆ. ಹಳೆಯ ಮನೆಗಳ ಕೆಳಗೆ ಕಮಾನು ಕಟ್ಟಿದ ನೆಲಮಾಳಿಗೆಗಳಿವೆ. ಜಾತ್ರೆಯ ದಿನಗಳಲ್ಲಿ ಯಾತ್ರಿಕರು ತಂಗುತ್ತಿದ್ದುದು ಅಲ್ಲಿಯೇ.

ಇಷ್ಟು ಜನರನ್ನು ಇಲ್ಲಿಗೆ ಎಳೆದದ್ದು ಒಂದು ನಂಬಿಕೆ. ಮಗ್ದಲದ ಮರಿಯಳ ಅಸ್ಥಿ ಇಲ್ಲಿಯ ಮಠದಲ್ಲಿದೆಯೆಂದು ಹನ್ನೊಂದನೆಯ ಶತಮಾನದಲ್ಲಿ ಪ್ರಸಿದ್ಧಿಯಾಯಿತು. ಯಾತ್ರಿಕರು ಬಂದರು, ಧನ ಬಂದಿತು, ಅದರೊಡನೆ ಶಿಲ್ಪಿಗಳೂ ಬಂದರು. ಈಗ ಕಾಣುವ ದೀರ್ಘ ಮಂಟಪ 1120ರಿಂದ 1140ರ ವರೆಗಿನ ಅವಧಿಯಲ್ಲಿ ಎದ್ದಿತು. 1279ರಲ್ಲಿ ನಿಜವಾದ ಅಸ್ಥಿ ತಮ್ಮಲ್ಲಿದೆಯೆಂದು ಪ್ರೊವಾನ್ಸ್ ಪ್ರಾಂತದವರು ಸಾರಿದರು. ಅಲ್ಲಿಂದ ಮುಂದೆ ಜನಪ್ರವಾಹ ಬೇರೆ ದಾರಿ ಹಿಡಿಯಿತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಹೊರಗೋಡೆಯ ಶಿಲ್ಪಗಳು ಒಡೆದುಹೋದುವು. ಕಥೆಗಾರ ಪ್ರಾಸ್ಪೆರ್ ಮೆರಿಮೆ ಪ್ರಾಚೀನ ಸ್ಮಾರಕಗಳ ತನಿಖಾಧಿಕಾರಿಯಾಗಿ 1834ರಲ್ಲಿ ಇಲ್ಲಿಗೆ ಬಂದಾಗ ಕಟ್ಟಡ ಕುಸಿಯುವ ಸ್ಥಿತಿಯಲ್ಲಿತ್ತು. ಅದರ ಜೀರ್ಣೋದ್ಧಾರದ ಹೊಣೆ 1840ರಲ್ಲಿ ವಿಯೊಲೆ ಲ ದ್ಯುಕ್ ಎಂಬ ಇಪ್ಪತ್ತಾರು ವರ್ಷದ ತರುಣನ ಹೆಗಲೇರಿತು. ಕೆಲಸ ಮುಗಿದದ್ದು 1859ರಲ್ಲಿ. ಯುನೆಸ್ಕೊ ಸಂಸ್ಥೆ 1979ರಲ್ಲಿ ಈ ಚರ್ಚನ್ನೂ ಬೆಟ್ಟವನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಒಳಬಾಗಿಲ ನೆತ್ತಿಯ ಮೇಲಿನ ಅರ್ಧಚಂದ್ರಾಕಾರದ ಶಿಲಾಫಲಕದೆದುರು ಸಹೃದಯರು ಸ್ವಲ್ಪ ಹೊತ್ತು ನಿಲ್ಲಬೇಕು. ನಡುವೆ ಕ್ರಿಸ್ತ, ಅವನ ಚಾಚಿದ ಕೈಗಳಿಂದ ಹೊರಟ ಕಿರಣಗಳು ಶಿಷ್ಯರ ಶಿರಸ್ಸನ್ನು ಮುಟ್ಟುತ್ತವೆ. ಆ ಶಿಷ್ಯರು ಯಾರ ಯಾರ ಬಳಿಗೆ ಹೋಗಬೇಕೋ ಆ ಜನರೆಲ್ಲ ಸುತ್ತಲೂ ಕೆತ್ತಲ್ಪಟ್ಟಿದ್ದಾರೆ. ಏಣಿ ಹಾಕಿಕೊಂಡು ಕುದುರೆಯನ್ನೇರುವ ಕುಬ್ಜರಿದ್ದಾರೆ, ಮೊರದಗಲ ಕಿವಿಯವರಿದ್ದಾರೆ, ನಾಯಿಯ ತಲೆಯ ಮನುಷ್ಯರೂ ಇದ್ದಾರೆ. ಈ ನಾಯಿತಲೆಯವರ ಮೂಲಸ್ಥಾನ ಯಾವುದೆಂದು ಕೇಳಿದರೆ ನಮ್ಮವರು ನಗಬಹುದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ, ಪಾರಸಿಕ ಚಕ್ರವರ್ತಿಯ ಆಸ್ಥಾನದಲ್ಲಿದ್ದ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯ, ಅಂಥವರು ಭಾರತದ ಪರ್ವತಗಳಲ್ಲಿ ವಾಸಿಸುತ್ತಾರೆಂದು ಬರೆದಿಟ್ಟ. ಆ ವದಂತಿ ಗ್ರಂಥದಿಂದ ಗ್ರಂಥಕ್ಕೆ ನಡೆದು ಸಾವಿರದೈನೂರು ವರ್ಷಗಳ ಮೇಲೆ ಬರ್ಗಂಡಿಯ ಕಲ್ಲಿನಲ್ಲಿ ಮೂಡಿತು. ಆದರೂ ಶಿಲ್ಪಿ ಅವರನ್ನು ಹೊರಗಿಡಲಿಲ್ಲ. ವಿಕಾರವೆಂದು ತಾನು ಭಾವಿಸಿದವರಿಗೂ ಕಿರಣದ ಬಳಿ ಜಾಗ ಕೊಟ್ಟ. ಅಜ್ಞಾನದ ನಡುವೆಯೂ ಇದು ದೊಡ್ಡ ಮನಸ್ಸು.

ಒಳಗೆ ಬಿಳಿಯ ಮತ್ತು ಕಂದು ಬಣ್ಣದ ಕಲ್ಲುಗಳನ್ನು ಒಂದರ ಪಕ್ಕ ಒಂದಿಟ್ಟು ಕಮಾನುಗಳನ್ನು ಕಟ್ಟಿದ್ದಾರೆ. ಒಂದು ಕಂಬದ ಬೋದಿಗೆಯಲ್ಲಿ ಮೋಶೆ ಬೀಸುವ ಯಂತ್ರಕ್ಕೆ ಧಾನ್ಯ ಸುರಿಯುತ್ತಾನೆ, ಪೌಲ ಕೆಳಗೆ ಹಿಟ್ಟು ತುಂಬಿಕೊಳ್ಳುತ್ತಾನೆ. ಹಳೆಯ ಒಡಂಬಡಿಕೆ ಹೊಸದಾಗುವ ಬಗೆಯನ್ನು ಯಾವ ಒಕ್ಕಲಿಗನಿಗೂ ತಿಳಿಯುವಂತೆ ಹೇಳಿದ ವ್ಯಾಖ್ಯಾನ ಅದು. ಜೂನ್ ತಿಂಗಳ ಕೊನೆಯ ವಾರದ ಸುಮಾರಿಗೆ, ಸೂರ್ಯ ನೆತ್ತಿಗೆ ಬರುವ ಹೊತ್ತಿನಲ್ಲಿ (ಫ್ರಾನ್ಸಿನ ಬೇಸಗೆಯ ಗಡಿಯಾರದಲ್ಲಿ ಆಗ ಎರಡು ಗಂಟೆಗೆ ಸಮೀಪ), ದಕ್ಷಿಣದ ಮೇಲುಕಿಟಕಿಗಳಿಂದ ಇಳಿದ ಬೆಳಕು ಮಂಟಪದ ನಡುಗೆರೆಯ ಮೇಲೆ ಸಾಲಾಗಿ ಬೀಳುತ್ತದೆ. ಬಾಗಿಲಿನಿಂದ ಗರ್ಭಗೃಹದತ್ತ ಹೆಜ್ಜೆ ಹೆಜ್ಜೆಗೂ ಒಂದೊಂದು ಬೆಳಕಿನ ಮಡು ನಿಂತಂತೆ ಕಾಣುತ್ತದೆ.

ಈ ಬೆಳಕಿನ ಬೆಟ್ಟದ ಮೇಲೆಯೇ ಯುದ್ಧದ ಕರೆಯೂ ಎದ್ದಿತ್ತು. 1146ರ ಮಾರ್ಚ್ 31ರಂದು, ಈಸ್ಟರ್ ಹಬ್ಬದ ದಿನ, ಸಂತ ಬೆರ್ನಾರ್ ಉತ್ತರದ ಇಳಿಜಾರಿನಲ್ಲಿ ನಿಂತು ಎರಡನೆಯ ಧರ್ಮಯುದ್ಧಕ್ಕೆ ಜನರನ್ನು ಕರೆದ. ದೊರೆ ಏಳನೆಯ ಲೂಯಿ ಕೇಳಲು ಬಂದಿದ್ದ. ಶಿಲುಬೆಯ ಗುರುತಿಗೆ ತಂದಿದ್ದ ಬಟ್ಟೆ ಸಾಲದೆ ಸಂತ ತನ್ನ ಉಡುಪನ್ನೇ ಹರಿದು ಕೊಟ್ಟನೆಂದು ಅಂದಿನ ಚರಿತ್ರಕಾರ ಬರೆದಿದ್ದಾನೆ. ಎರಡು ವರ್ಷಗಳಲ್ಲಿ ಆ ದಂಡಯಾತ್ರೆ ಸೋತು ಹಿಂದಿರುಗಿತು. ಎಂಟುನೂರು ವರ್ಷ ತುಂಬಿದ 1946ರಲ್ಲಿ ಇದೇ ಬೆಟ್ಟಕ್ಕೆ ಯುರೋಪಿನ ಜನ ಮತ್ತೆ ಬಂದರು, ಈ ಬಾರಿ ಶಾಂತಿಗಾಗಿ. ಬೇರೆ ಬೇರೆ ಪ್ರಾಂತ ದೇಶಗಳಿಂದ ಹದಿನಾಲ್ಕು ಮರದ ಶಿಲುಬೆಗಳನ್ನು ಹೊತ್ತು ಕಾಲ್ನಡಿಗೆಯಲ್ಲಿ ತಂದರು. ಸಮೀಪದಲ್ಲಿ ಸೆರೆಯಲ್ಲಿದ್ದ ಜರ್ಮನ್ ಸೈನಿಕರು, ಬಾಂಬಿಗೆ ಕೆಡೆದ ಮನೆಗಳ ತೊಲೆಗಳಿಂದ ಹದಿನೈದನೆಯದೊಂದನ್ನು ಜೋಡಿಸಿಕೊಂಡು ಆ ಮೆರವಣಿಗೆಯಲ್ಲಿ ಸೇರಿದರು. ಆ ಶಿಲುಬೆಗಳು ಇಂದಿಗೂ ಚರ್ಚಿನೊಳಗಿವೆ.

ಅದನ್ನು ನೋಡಲು ಬದುಕಿರಬೇಕಾಗಿದ್ದವರೊಬ್ಬರು ಆ ವೇಳೆಗೆ ತೀರಿಕೊಂಡಿದ್ದರು. ಅವರು ರೋಮಾ ರೋಲಾ. ಒಂದನೆಯ ಮಹಾಯುದ್ಧದಲ್ಲಿ ಜನಾಂಗದ್ವೇಷವನ್ನು ಖಂಡಿಸಿ ಬರೆದು ಸ್ವದೇಶೀಯರಿಂದ ದ್ರೋಹಿಯೆನಿಸಿಕೊಂಡವರು. 1915ರ ನೊಬೆಲ್ ಪಾರಿತೋಷಕ ಪಡೆದವರು. ಗಾಂಧೀಜಿ, ರಾಮಕೃಷ್ಣ, ವಿವೇಕಾನಂದರ ಚರಿತ್ರೆಗಳನ್ನು ಪಾಶ್ಚಾತ್ಯ ವಾಚಕರ ಮುಂದಿಟ್ಟವರು. ಆ ಗ್ರಂಥಗಳು ಸ್ವಿಟ್ಸರ್ಲೆಂಡಿನಲ್ಲಿದ್ದ ಕಾಲದವು. ಆದರೆ 1938ರಿಂದ ಅವರ ನೆಲೆ ವೆಜ್ಲೆಯ ಬೀದಿಯ ಒಂದು ಮನೆ. ಜರ್ಮನ್ ಆಕ್ರಮಣದ ವರ್ಷಗಳನ್ನು ರೋಗಪೀಡಿತರಾಗಿ ಅಲ್ಲಿಯೇ ಕಳೆದು, 1944ರ ಡಿಸೆಂಬರ್ 30ರಂದು ಅಲ್ಲಿಯೇ ಕಣ್ಣು ಮುಚ್ಚಿದರು. ಈಗ ಆ ಮನೆ ಕಲಾಸಂಗ್ರಾಹಕ ಕ್ರಿಸ್ತಿಯಾನ್ ಜೆರ್ವೊಸ್ ಅವರ ಹೆಸರಿನ ವಸ್ತುಸಂಗ್ರಹಾಲಯ. ಪಿಕಾಸೊ ಮೊದಲಾದವರ ಕೃತಿಗಳು ಅಲ್ಲಿವೆ. ರೋಲಾ ಭಾರತಕ್ಕೆ ಎಂದೂ ಬರಲಿಲ್ಲ. ಇಂಗ್ಲಿಷ್ ಬಾರದುದರಿಂದ ಸಹೋದರಿ ಮಾದ್ಲೆನ್ ಓದಿ ಅನುವಾದಿಸಿ ಹೇಳಬೇಕಾಗಿತ್ತು. ಶಿಲ್ಪಿಯೂ ಭಾರತವನ್ನು ಕಾಣಲಿಲ್ಲ, ಈ ಸಾಹಿತಿಯೂ ಕಾಣಲಿಲ್ಲ. ಒಬ್ಬನಿಗೆ ದೊರೆತದ್ದು ವದಂತಿ. ಇನ್ನೊಬ್ಬರು ಪ್ರಯಾಸಪಟ್ಟು ಪಡೆದದ್ದು ಪರಿಚಯ. ದೂರದವರನ್ನು ತಿಳಿಯುವುದಕ್ಕೆ ಕಣ್ಣಿಗಿಂತ ಮೊದಲು ಶ್ರದ್ಧೆ ಬೇಕೆಂಬುದಕ್ಕೆ ಒಂದೇ ಬೀದಿಯಲ್ಲಿ ಈ ಎರಡು ಸಾಕ್ಷಿಗಳಿವೆ.

ಸಮಯವಿದ್ದವರು ಸುತ್ತಣ ಸೀಮೆಯನ್ನೂ ನೋಡಬೇಕು. ಬೆಟ್ಟದ ಬುಡದ ಸೇಂ ಪೆರ್ ಗ್ರಾಮದ ಬಳಿ ಉಪ್ಪುನೀರಿನ ಬುಗ್ಗೆಗಳಿವೆ. ಓಕ್ ಮರದ ಬೊಡ್ಡೆಗಳನ್ನು ತೋಡಿ ಅಲ್ಲಿ ಇಳಿಬಿಟ್ಟ ಬಾವಿಕಟ್ಟುಗಳು ನಾಲ್ಕು ಸಾವಿರ ವರ್ಷಗಳಿಗೂ ಹಳೆಯವು. ಕ್ಯೂರ್ ನದಿಯ ಜಾಡು ಹಿಡಿದು ಕೆಳಗೆ ಹೋದರೆ ಆರ್ಸಿಯ ಗುಹೆಗಳು. ಗೋಡೆಯ ಮಸಿ ತೊಳೆಯಲು ಆಮ್ಲ ಬಳಸಿದ್ದರಿಂದ ಎಷ್ಟೋ ಚಿತ್ರಗಳು ಯಾರೂ ಕಾಣುವ ಮೊದಲೇ ಅಳಿದುಹೋದುವು. ಉಳಿದ ಮಹಾಗಜಗಳ ಚಿತ್ರಗಳು 1990ರಲ್ಲಿ ಬೆಳಕಿಗೆ ಬಂದುವು. ದಕ್ಷಿಣಕ್ಕೆ ಬಜೋಶ್ ಕೋಟೆಮನೆ. ಹದಿನಾಲ್ಕನೆಯ ಲೂಯಿಯ ದುರ್ಗಶಿಲ್ಪಿ ವೊಬಾನ್ 1675ರಲ್ಲಿ ಅದನ್ನು ಕೊಂಡ. ದೇಶದ ಗಡಿಗಳಿಗೆಲ್ಲ ಕೋಟೆ ಕಟ್ಟಿದ ಆತ ಕೊನೆಗಾಲದಲ್ಲಿ, ತೆರಿಗೆಯ ಭಾರ ಶ್ರೀಮಂತರ ಮೇಲೂ ಬೀಳಬೇಕೆಂದು ಪುಸ್ತಕ ಬರೆದ. ದೊರೆಯ ಸರಕಾರ ಅದನ್ನು ನಿಷೇಧಿಸಿತು.

ಪಶ್ಚಿಮಕ್ಕೆ ಯೋನ್ ನದಿಯ ದಂಡೆಯಲ್ಲಿ ಕ್ಲಾಮ್ಸಿ ಪಟ್ಟಣವಿದೆ. ಮೊರ್ವಾನ್ ಕಾಡಿನ ಸೌದೆಯನ್ನು ತೆಪ್ಪಗಳಾಗಿ ಕಟ್ಟಿ, ಹೊಳೆಯಲ್ಲಿ ತೇಲಿಸಿ ಪ್ಯಾರಿಸ್ಸಿನ ಒಲೆಗಳಿಗೆ ಮುಟ್ಟಿಸುವುದು ಶತಮಾನಗಳ ಕಾಲ ಈ ಊರಿನ ಕಸುಬಾಗಿತ್ತು. ರೋಲಾ 1866ರಲ್ಲಿ ಹುಟ್ಟಿದ್ದು ಇಲ್ಲಿ. ಅವರ ‘ಕೊಲಾ ಬ್ರೂನ್ಯೋಂ’ ಎಂಬ ಹಾಸ್ಯಭರಿತ ಕಥನದ ಬಡಗಿಯೂ ಈ ಊರಿನವನೇ. ಇದೇ ಹೊಳೆಯ ಪಕ್ಕದ ಬ್ರೆವ್ ಎಂಬ ಪುಟ್ಟ ಗ್ರಾಮದ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಗಾಂಧೀಜಿಯ ಹೆಸರನ್ನು ಫ್ರಾನ್ಸಿನ ಮನೆಮನೆಗೆ ಮುಟ್ಟಿಸಿದ ಲೇಖನಿ ವಿಶ್ರಮಿಸುತ್ತಿರುವ ಸ್ಥಳ ಅದು. ವೆಜ್ಲೆಗೆ ಹೋದ ಭಾರತೀಯರು ಅಲ್ಲಿಗೂ ಹೋಗಿಬರುವುದು ಉಚಿತ.