ಸ್ಕಾಟ್ಲೆಂಡ್ ಇತಿಹಾಸ: ಯಾವ ಪುಸ್ತಕ ಹಿಡಿಯೋದು?

‘ಬ್ರೇವ್‌ಹಾರ್ಟ್’ ಸಿನಿಮಾ ನೋಡಿ ಸ್ಕಾಟ್ಲೆಂಡ್ ಇತಿಹಾಸ ಓದೋ ಆಸೆ ಬಂತಾ? ಒಳ್ಳೇದು. ಆದ್ರೆ ಅದರ ನಾಯಕ ವಿಲಿಯಂ ವಾಲೇಸ್‌ನ ಕೊಂದದ್ದು 1305ರಲ್ಲಿ. ಸಿನಿಮಾ ನೆಚ್ಚಿಕೊಂಡಿದ್ದು ಬ್ಲೈಂಡ್ ಹ್ಯಾರಿ ಅನ್ನೋ ಕವಿಯ ಕಾವ್ಯವನ್ನ. ಆ ಕಾವ್ಯ ಹುಟ್ಟಿದ್ದೇ ವಾಲೇಸ್ ಸತ್ತು 150ಕ್ಕೂ ಹೆಚ್ಚು ವರ್ಷ ಆದ್ಮೇಲೆ! ಅದಕ್ಕೇ ಪುಸ್ತಕ ಕೊಳ್ಳೋ ಮುಂಚೆ ಕೊನೆಯ ಪುಟಗಳನ್ನ ತಿರುವಿ, ಲೇಖಕರು ಆಧಾರ ಕೊಟ್ಟಿದ್ದಾರಾ ನೋಡಿ.

ಇಡೀ ಕಥೆ ಒಂದೇ ಓಟದಲ್ಲಿ ಬೇಕು ಅಂದ್ರೆ ಮ್ಯಾಗ್ನಸ್ ಮ್ಯಾಗ್ನಸನ್ ಅವರ ‘ಸ್ಕಾಟ್ಲೆಂಡ್: ದಿ ಸ್ಟೋರಿ ಆಫ್ ಎ ನೇಷನ್’ ಸಾಕು.

ಪುಸ್ತಕಗಳನ್ನ ಹೋಲಿಸಿ ಓದೋದರ ನಿಜವಾದ ಪಾಠ ಇರೋದು ಹೈಲ್ಯಾಂಡ್ ಕ್ಲಿಯರೆನ್ಸಸ್ ವಿಷಯದಲ್ಲಿ. ಕುರಿ ಸಾಕಣೆಗಾಗಿ ಜಮೀನ್ದಾರರು ಬೆಟ್ಟನಾಡಿನ ರೈತ ಕುಟುಂಬಗಳನ್ನ ಒಕ್ಕಲೆಬ್ಬಿಸಿದ ಕಥೆ ಅದು. ಜಾನ್ ಪ್ರೆಬಲ್ 1963ರಲ್ಲಿ ಬರೆದ ಪುಸ್ತಕ ಓದಿದ್ರೆ ಕರುಳು ಕಿತ್ತು ಬರುತ್ತೆ. ಆದ್ರೆ ಇತಿಹಾಸಕಾರರು ಅದಕ್ಕೆ ತಕರಾರು ಎತ್ತಿದ್ದಾರೆ. ಟಾಮ್ ಡಿವೈನ್ 2018ರ ಪುಸ್ತಕದಲ್ಲಿ, ತಗ್ಗುನಾಡಿನ ಬಡವರೂ ನೆಲ ಕಳ್ಕೊಂಡ್ರು, ಅವರನ್ನ ಮಾತ್ರ ಎಲ್ರೂ ಮರೆತ್ರು ಅಂತ ತೋರಿಸ್ತಾರೆ. ಎರಡನ್ನೂ ಜೊತೆಗಿಟ್ಟು ಓದಿ. ಒಂದೇ ನೋವನ್ನ ಇಬ್ಬರು ಹೇಗೆ ಬೇರೆ ಬೇರೆಯಾಗಿ ಅಳೀತಾರೆ ಅಂತ ಗೊತ್ತಾಗುತ್ತೆ.

ಸ್ಕಾಟ್ಲೆಂಡ್ ಇತಿಹಾಸ ಓದೋಕೆ ಕನ್ನಡಿಗರಿಗೆ ಇನ್ನೊಂದು ಕಾರಣ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಸೇನೆಯ ಮುಂದಿದ್ದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಹಿಂದೆ ಅದೇ ಊರಲ್ಲಿ ಸೆರೆಯಲ್ಲಿದ್ದವನು. ಈ ನಂಟು ತಿಳಿಯೋಕೆ ಡಿವೈನ್ ಅವರದ್ದೇ ‘ಸ್ಕಾಟ್ಲೆಂಡ್ಸ್ ಎಂಪೈರ್’ ಓದಿ.

ಒಂದೇ ಪುಸ್ತಕ ಕೊಳ್ಳೋಕಾಗೋದು ಅಂದ್ರೆ? ಡಿವೈನ್ ಅವರ ‘ದಿ ಸ್ಕಾಟಿಷ್ ನೇಷನ್’ ತಗೊಳ್ಳಿ. ಶುರುವಾಗೋದು 1700ರಿಂದ, ಆದ್ರೆ ಇವತ್ತಿನ ಸ್ಕಾಟ್ಲೆಂಡ್ ಅರ್ಥ ಆಗೋಕೆ ಅದಕ್ಕಿಂತ ಒಳ್ಳೇ ದಾರಿ ನನಗೆ ಕಂಡಿಲ್ಲ.